ಅಜ್ಜನ ತೋಟವೂ ಕೆರೆಮನೆಯ ಮೇಳವೂ

ಶಿರಸಿಯಿಂದ ಹುಲೇಕಲ್ಲಿನ ದಾರಿ ಹಿಡಿದು ಹೋದವರಿಗೆ ಎರಡು ಕಡೆಯೂ ಸೊಪ್ಪಿನ ಬೆಟ್ಟ, ನಡುವಿನ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲೊಂದು ಮನೆ—ಈ ನೋಟ ಸಿಗದೆ ಇರದು. ಅಂಥ ಯಾವ ಮನೆಗೆ ಹೋದರೂ, ಬೆಲ್ಲ ನೀರು ಕುಡಿದು ಜಗಲಿಯ ಮೇಲೆ ಕುಳಿತ ಸ್ವಲ್ಪ ಹೊತ್ತಿಗೆ ಯಜಮಾನರು ಕೈ ಚಾಚಿ ತೋರಿಸಿ ಹೇಳುವ ಮಾತೊಂದುಂಟು: “ಇದು ನಮ್ಮ ಅಜ್ಜ ಮಾಡಿದ ತೋಟ.” ಕೇಳಿದವರು ತಲೆದೂಗುತ್ತಾರೆ. ಆದರೆ ತುಸು ಲೆಕ್ಕ ಹಾಕಿ ನೋಡಿದರೆ ಈ ಮಾತು ವಿಚಿತ್ರವಾಗಿ ಕಾಣುತ್ತದೆ. ಅಡಿಕೆ ಮರದ ಆಯುಸ್ಸು ಆಲದ ಮರದ ಆಯುಸ್ಸಲ್ಲ. ಮನುಷ್ಯನೊಬ್ಬನ ಆಯುಸ್ಸಿಗಿಂತ ಬಹಳ ಹೆಚ್ಚೇನೂ ಅಲ್ಲ. ಮಳೆಗಾಲದ ಗಾಳಿಗೆ ಮುರಿದು ಬಿದ್ದವು ಕೆಲವು. ಸುಳಿ ಕೊಳೆತು ಹೋದವು ಕೆಲವು. ಮುಪ್ಪಿನಿಂದ ತಲೆ ಸಣ್ಣಗಾಗಿ ಒರಗಿದವು ಕೆಲವು. ಅಜ್ಜ ತನ್ನ ಕೈಯಿಂದ ನೆಟ್ಟ ಮರ ಒಂದಾದರೂ ಈಗ ಅಲ್ಲಿ ಇದ್ದೀತೇ ಎಂಬುದು ಸಂದೇಹ. ಆದರೂ ಅದು ಅಜ್ಜನ ತೋಟವೇ. ಯಾರೂ ಅದನ್ನು ಅಲ್ಲಗಳೆಯುವುದಿಲ್ಲ.

ಹೀಗೇಕೆ ಎಂದು ನಮ್ಮ ಕಡೆಯ ಹಿರಿಯರೊಬ್ಬರನ್ನು ಹಿಂದೊಮ್ಮೆ ಕೇಳಿದ್ದೆ. ಅವರು ನಕ್ಕು, “ತಮಾ, ಮರ ಬಿದ್ದ ಮೇಲೆ ಸಸಿ ನೆಡ್ತಿ ಅಂದ್ರೆ ತೋಟ ಉಳೀತಿಲ್ಲೆ” ಎಂದರು. ಹಳೆಯ ಮರ ಇನ್ನೂ ಫಲ ಕೊಡುತ್ತಿರುವಾಗಲೇ ಅದರ ಪಕ್ಕದಲ್ಲಿ ಸಸಿ ಇಡಬೇಕು. ಹತ್ತಾರು ವರ್ಷ ಎರಡೂ ಒಂದೇ ಗೊಬ್ಬರ ತಿಂದು, ಒಂದೇ ನೀರು ಕುಡಿದು ಬದುಕಬೇಕು. ಹಳೆಯದು ಬೀಳುವ ಹೊತ್ತಿಗೆ ಹೊಸದು ಕೊನೆ ಬಿಡುತ್ತಿರಬೇಕು. ಆಗ ಮಾತ್ರ ಮರ ಹೋದರೂ ತೋಟ ಹೋಗುವುದಿಲ್ಲ.

ಈ ಮಾತು ಈಗ ನೆನಪಾದದ್ದು ತೋಟಗಾರಿಕೆಯನ್ನು ಕುರಿತು ಬರೆಯುವುದಕ್ಕಲ್ಲ. ಕಲೆಯ ಮೇಳಗಳಿಗೂ ಇದೇ ಪ್ರಶ್ನೆ ಉಂಟು. ಒಂದು ಮೇಳ ತೊಂಬತ್ತು ವರ್ಷ ನಡೆಯಿತು ಎನ್ನುತ್ತೇವೆ. ತೊಂಬತ್ತು ವರ್ಷದ ಹಿಂದೆ ಗೆಜ್ಜೆ ಕಟ್ಟಿದವರಲ್ಲಿ ಇಂದು ಯಾರೂ ಇಲ್ಲ. ಹಾಗಿದ್ದರೆ ನಡೆದದ್ದು ಯಾವುದು? ಉಳಿದದ್ದು ಯಾವುದು? ಬರಿಯ ಹೆಸರೇ?

ಈ ಪ್ರಶ್ನೆಯನ್ನು ಯೂರೋಪಿನವರೂ ಕೇಳಿಕೊಂಡಿದ್ದಾರೆ. ಅವರ ಸಂಗೀತದಲ್ಲಿ ನಾಲ್ವರ ತಂತಿವಾದ್ಯ ಮೇಳ ಎಂಬ ಒಂದು ಕ್ರಮ ಉಂಟು. ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲ, ನೆಲಕ್ಕೆ ಊರಿ ನುಡಿಸುವ ಚೆಲ್ಲೊ—ಇಷ್ಟೇ. ಮುಂದೆ ನಿಂತು ಕೋಲು ಆಡಿಸುವ ನಿರ್ವಾಹಕನಿಲ್ಲ. ನಾಲ್ವರೂ ಒಬ್ಬರ ಉಸಿರನ್ನೊಬ್ಬರು ಕೇಳಿ ನುಡಿಸಬೇಕು. ಈ ವಿದ್ಯೆಯಲ್ಲಿ ಚೆಕ್ ಜನ ಬಹಳ ಹೆಸರಾದವರು. 1891ರಲ್ಲಿ ಪ್ರಾಗ್ ನಗರದ ಸಂಗೀತ ಶಾಲೆಯಲ್ಲಿ ಓದುತ್ತಿದ್ದ ನಾಲ್ವರು ತರುಣರು—ಕಾರೆಲ್ ಹಾಫ್ಮನ್, ಯೋಸೆಫ್ ಸುಕ್, ಆಸ್ಕರ್ ನೆಡ್ಬಾಲ್, ಒಟ್ಟೊ ಬರ್ಗರ್—ಇಂಥದೊಂದು ಮೇಳ ಕಟ್ಟಿದರು. ಎರಡನೆಯ ಪಿಟೀಲು ಹಿಡಿದ ಸುಕ್ ಆಗ 17 ವರ್ಷದ ಹುಡುಗ. ಮುಂದೆ ಆತ ಆ ದೇಶದ ಮಹಾ ಸಂಗೀತಕಾರ ಡ್ವೋರ್ಜಾಕನ ಅಳಿಯನಾದ, ತಾನೂ ದೊಡ್ಡ ರಚನಕಾರನೆನಿಸಿದ. ಅವರ ನಾಡು ಆಗ ಆಸ್ಟ್ರಿಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಸ್ವಂತ ರಾಜ್ಯವಿಲ್ಲದ ಜನಕ್ಕೆ ಆ ನಾಲ್ಕು ವಾದ್ಯಗಳೇ ಊರೂರು ತಿರುಗಿ ರಾಯಭಾರ ಹೇಳಿದವು.

ಆ ಮೇಳಕ್ಕೆ ಬಹುಬೇಗ ಒಂದು ಪೆಟ್ಟು ಬಿತ್ತು. ಚೆಲ್ಲೊ ನುಡಿಸುತ್ತಿದ್ದ ಬರ್ಗರ್ ಕಾಯಿಲೆ ಬಿದ್ದ. 1897ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಅವನ ಜಾಗದಲ್ಲಿ ಬಂದು ಕುಳಿತವರು ಯಾರು? ಅವನ ಗುರು ಹಾನುಷ್ ವಿಹಾನ್. ಡ್ವೋರ್ಜಾಕ್ ತನ್ನ ಪ್ರಸಿದ್ಧ ಚೆಲ್ಲೊ ಕೃತಿಯನ್ನು ಅರ್ಪಿಸಿದ್ದು ಇದೇ ವಿಹಾನನಿಗೆ. ಅಷ್ಟು ದೊಡ್ಡ ವಿದ್ವಾಂಸ, ತಾನು ಪಾಠ ಹೇಳಿಕೊಟ್ಟ ಹುಡುಗರ ನಡುವೆ, ಶಿಷ್ಯನ ಖಾಲಿ ಕುರ್ಚಿಯಲ್ಲಿ ಕುಳಿತು ನುಡಿಸಿದ. ಮುಂದೆ ನೆಡ್ಬಾಲ್ ಬಿಟ್ಟುಹೋದ; ಇನ್ನೊಬ್ಬ ಬಂದ. ವಿಹಾನನೂ ಮುದುಕನಾಗಿ ಬಿಟ್ಟ, ಮತ್ತೊಬ್ಬ ಬಂದ. ಸುಕ್ ಮಾತ್ರ ನಾಲ್ಕು ದಶಕ ತನ್ನ ಎರಡನೆಯ ಪಿಟೀಲಿನ ಕುರ್ಚಿಯನ್ನು ಬಿಡಲಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಕಚೇರಿಗಳು ಆದವು. 1934ರಲ್ಲಿ ಆ ಮೇಳ ಮುಕ್ತಾಯವಾಯಿತು.

ಅದೇ 1934ನೆಯ ಇಸವಿಯಲ್ಲಿ ಇತ್ತ ನಮ್ಮ ಜಿಲ್ಲೆಯ ಹೊನ್ನಾವರ ತಾಲೂಕಿನಲ್ಲಿ ಒಂದು ಮೇಳ ಹುಟ್ಟಿತು. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿದಿರುವ ಸಂಭವವೇ ಇಲ್ಲ; ಇದು ಬರಿಯ ಕಾಕತಾಳೀಯ. ಆದರೆ ಒಂದು ಮುಗಿದ ವರ್ಷವೇ ಇನ್ನೊಂದು ಮೊದಲಾದದ್ದನ್ನು ಕಂಡಾಗ, ಎರಡನ್ನೂ ಒಂದೇ ಮಣೆಯ ಮೇಲಿಟ್ಟು ನೋಡುವ ಆಸೆಯಾಗುವುದು ಸಹಜ. ಆ ಮೇಳವೇ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ. ಜನರ ಬಾಯಲ್ಲಿ ಕೆರೆಮನೆ ಮೇಳ.

ಇಡಗುಂಜಿಯ ಗಣಪತಿ ನಿಂತ ಭಂಗಿಯ, ಎರಡು ಕೈಗಳ ದೇವರು. ಅಲ್ಲಿಗೆ ಹತ್ತಿರದ ಗುಣವಂತೆಯಲ್ಲಿ ಕೆರೆಮನೆಯೆಂಬುದು ಒಂದು ಹವ್ಯಕ ಮನೆತನ. ಅಲ್ಲಿನ ಶಿವರಾಮ ಹೆಗಡೆಯವರು ಹುಟ್ಟಿದ್ದು 1908ರಲ್ಲಿ. ಮೇಳ ಕಟ್ಟಿದಾಗ ಅವರಿಗೆ ವಯಸ್ಸು ಇಪ್ಪತ್ತಾರು. ಕಾಲ ಒಳ್ಳೆಯದಾಗಿರಲಿಲ್ಲ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಹಿಂದೆಯೇ ಅಂಕೋಲೆ, ಸಿದ್ದಾಪುರಗಳ ಕಡೆ ಕರನಿರಾಕರಣೆಯ ಚಳವಳಿ ಎದ್ದು, ರೈತರ ಹೊಲಮನೆಗಳು ಜಪ್ತಾದವು. ಜಗತ್ತಿನಲ್ಲೆಲ್ಲ ಬೆಲೆಗಳು ಕುಸಿದಿದ್ದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಕಿರೀಟ, ಭುಜಕೀರ್ತಿ, ಗೆಜ್ಜೆ, ಮದ್ದಳೆಗಳಿಗೆ ಹಣ ಹಾಕಿ, ಹತ್ತಿಪ್ಪತ್ತು ಜನರ ಹೊಟ್ಟೆಯ ಹೊಣೆ ಹೊತ್ತು ಮೇಳ ಕಟ್ಟುವುದೆಂದರೆ ಮನೆಯವರಿಗೆ ಅದು ಹುಚ್ಚಾಗಿಯೇ ಕಂಡಿರಬೇಕು.

ಆದರೆ ಆ ಹುಚ್ಚಿಗೆ ಹಿನ್ನೆಲೆ ಇಲ್ಲದೆ ಇರಲಿಲ್ಲ. ಮೇಳ ಕಟ್ಟಿಕೊಂಡು ದೂರ ದೂರ ಹೋಗಿ ಆಟವಾಡುವುದು ಕನ್ನಡನಾಡಿನ ಭಾಗವತರಿಗೆ ಹೊಸದಲ್ಲ. 1842ರ ಸುಮಾರಿಗೆ ಕರ್ನಾಟಕದ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಆಟವಾಡಿದ್ದನ್ನು ನೋಡಿಯೇ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಿತ ವಿಷ್ಣುದಾಸ ಭಾವೆಗೆ ಮರಾಠಿಯಲ್ಲಿಯೂ ಇಂಥದನ್ನು ಮಾಡು ಎಂದರು. 1843ರಲ್ಲಿ ಭಾವೆ ಆಡಿಸಿದ ‘ಸೀತಾಸ್ವಯಂವರ’ವೇ ಮರಾಠಿ ರಂಗಭೂಮಿಗೆ ಮೊದಲು ಎನ್ನುತ್ತಾರೆ. ಹೊನ್ನಾವರದ ಪಕ್ಕದ ಕರ್ಕಿಯಲ್ಲಿ, ಸಾಂಗಲಿಗೆ ಹೋದವರು ನಮ್ಮವರೇ ಎಂಬ ಅಭಿಮಾನ ಇಂದಿಗೂ ಉಂಟು. ಆ ಮಣ್ಣಿನಲ್ಲಿ ಬೆಳೆದವರಿಗೆ ಬಣ್ಣ ಹಚ್ಚುವ ಆಸೆ ಬಾರದಿದ್ದರೇ ಆಶ್ಚರ್ಯ.

ಇಷ್ಟೆಲ್ಲ ಕರಾವಳಿಯ ಕಥೆಯಾಯಿತು. ಇದರಲ್ಲಿ ಹುಲೇಕಲ್ಲಿನವರಿಗೇನು ಎಂದು ಕೇಳಬಹುದು. ಮೇಳ ಹುಟ್ಟಿದ್ದು ಘಟ್ಟದ ಕೆಳಗಾದರೂ ಅದಕ್ಕೆ ಅನ್ನ ಮತ್ತು ಪ್ರೇಕ್ಷಕರು ದೊರೆತದ್ದರಲ್ಲಿ ಘಟ್ಟದ ಮೇಲಿನ ಪಾಲೂ ದೊಡ್ಡದು. ಗೇರುಸೊಪ್ಪೆಯ ಘಟ್ಟ ಹತ್ತಿದರೆ ಸಿದ್ದಾಪುರ. ದೇವಿಮನೆ ಘಟ್ಟ ಹತ್ತಿದರೆ ಶಿರಸಿ. ಅರಬೈಲು ಘಟ್ಟ ಹತ್ತಿದರೆ ಯಲ್ಲಾಪುರ. ಮಳೆಗಾಲ ಮುಗಿದು, ಗದ್ದೆಯ ಕೊಯ್ಲಾಗಿ, ಕೊನೆಗೌಡರು ಅಡಿಕೆ ಕೊನೆ ಇಳಿಸಿದ ಮೇಲೆ ಈ ಮೂರು ತಾಲೂಕುಗಳ ಕೈಯಲ್ಲಿ ನಾಲ್ಕು ಕಾಸೂ, ಮನಸ್ಸಿನಲ್ಲಿ ಒಂದಿಷ್ಟು ಬಿಡುವೂ ಇರುತ್ತಿತ್ತು. ಆಗ ಮೇಳಗಳು ಘಟ್ಟ ಹತ್ತುತ್ತಿದ್ದವು. ಕೊಯ್ದ ಗದ್ದೆಯ ಕೂಳೆಯ ಮೇಲೆ ಕಂಬಳಿ ಹಾಸಿಕೊಂಡು, ಹೆಂಗಸರು ಮಕ್ಕಳೊಂದಿಗೆ ಬೆಳಗಿನವರೆಗೆ ಕುಳಿತಿರುತ್ತಿದ್ದ ಜನ ಬಲು ಕಠಿಣ ಪರೀಕ್ಷಕರು. ಹಗಲು ತೋಟಕ್ಕೆ ಮಣ್ಣು ಹೊತ್ತವನಿಗೂ ರಾತ್ರಿ ಪದ್ಯದ ತಾಳ ಒಂದು ಅಕ್ಷರ ಜಾರಿದರೆ ಗೊತ್ತಾಗುತ್ತಿತ್ತು.

ಘಟ್ಟದ ಮೇಲಿನವರು ಆ ಮೇಳಕ್ಕೆ ಕೊಟ್ಟದ್ದು ಪ್ರೇಕ್ಷಕರನ್ನು ಮಾತ್ರವಲ್ಲ. ಅದರ ಕಂಠವನ್ನೇ ಕೊಟ್ಟರು. ಶಿರಸಿ ತಾಲೂಕಿನ ನೆಬ್ಬೂರಿನ ನಾರಾಯಣ ಭಾಗವತರ ಹೆಸರನ್ನು ಯಕ್ಷಗಾನ ಬಲ್ಲವರಿಗೆ ಹೇಳಬೇಕಾಗಿಲ್ಲ. ಅವರ ವಿಷಯ ಬರುವ ಮೊದಲು, ಬಯಲಾಟ ನೋಡದ ಪಟ್ಟಣದ ವಾಚಕರಿಗಾಗಿ ಹಿಮ್ಮೇಳದ ರಚನೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದು ಅವಶ್ಯ.

ಯಕ್ಷಗಾನದಲ್ಲಿ ಕುಣಿಯುವವರದು ಮುಮ್ಮೇಳ. ಹಾಡಿ ನುಡಿಸುವವರದು ಹಿಮ್ಮೇಳ. ಹಿಮ್ಮೇಳದಲ್ಲಿ ಮುಖ್ಯವಾಗಿ ನಾಲ್ಕು ಅಂಗ: ತಾಳ ಹಿಡಿದು ಹಾಡುವ ಭಾಗವತ, ಮದ್ದಳೆ, ಚಂಡೆ, ಶ್ರುತಿ. ಶ್ರುತಿಗೆ ಹಿಂದೆ ಪುಂಗಿ ಇತ್ತು. ಆಮೇಲೆ ಹಾರ್ಮೋನಿಯಂ ಬಂತು. ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆ. ಮದ್ದಳೆ ಪದ್ಯದ ಜೊತೆಗೆ ನಡೆಯುತ್ತದೆ. ಚಂಡೆ ವೀರರಸ ಏರಿದಾಗ ಎದ್ದು ಬರುತ್ತದೆ. ಬಡಗಿನ ಕ್ರಮದಲ್ಲಿ ಚಂಡೆಯವನಿಗೆ ಬಾರಿಸಲು ಎಷ್ಟು ತಿಳಿದಿರಬೇಕೋ, ಸುಮ್ಮನಿರಲೂ ಅಷ್ಟೇ ತಿಳಿದಿರಬೇಕು. ಭಾಗವತನಂತೂ ಬರಿಯ ಗಾಯಕನಲ್ಲ. ಅವನಿಗೆ ‘ಮೊದಲನೆಯ ವೇಷಧಾರಿ’ ಎಂಬ ಹೆಸರೇ ಉಂಟು. ಯಾವ ಪದ್ಯ ಬಿಡಬೇಕು, ಯಾವುದನ್ನು ಎತ್ತಬೇಕು, ಕುಣಿಯುವವನ ಕಾಲು ಸೋತಾಗ ಲಯವನ್ನು ಹೇಗೆ ಇಳಿಸಬೇಕು, ಅರ್ಥ ಹೇಳುವವನು ದಾರಿ ತಪ್ಪಿದಾಗ ಹೇಗೆ ಪದ್ಯ ಹಾಕಿ ಎಳೆದು ತರಬೇಕು—ಇಡೀ ರಾತ್ರಿಯ ಸೂತ್ರ ಅವನ ಬೆರಳಿನಲ್ಲಿ. ಮಾತುಗಳಂತೂ ಬರೆದಿಟ್ಟವಲ್ಲ. ಪದ್ಯ ಮಾತ್ರ ಹಿಂದಿನ ಕವಿಯದು. ಅದರ ಅರ್ಥವನ್ನು ವೇಷಧಾರಿಗಳು ಆ ಕ್ಷಣಕ್ಕೆ ಕಟ್ಟಿ ಹೇಳಬೇಕು.

ಚೆಕ್ ದೇಶದ ಇನ್ನೊಂದು ನಾಲ್ವರ ಮೇಳ, 1945ರಿಂದ 1989ರವರೆಗೆ ನಡೆದ ಸ್ಮೆತನ ಮೇಳ, ಎದುರಿಗೆ ಸ್ವರದ ಹಾಳೆ ಇಟ್ಟುಕೊಳ್ಳದೆ ನೆನಪಿನಿಂದಲೇ ನುಡಿಸುತ್ತಿತ್ತೆಂದು ಅಲ್ಲಿನ ಜನ ಬೆರಗಾಗಿ ಹೇಳುತ್ತಾರೆ. ಹಾಳೆಯ ಮೇಲಿನ ಕಣ್ಣು ತೆಗೆದರೆ ಆ ಕಣ್ಣು ಜೊತೆಗಾರನ ಮೇಲೆ ಬೀಳುತ್ತದೆ, ಕಿವಿ ಚುರುಕಾಗುತ್ತದೆ. ನಮ್ಮ ಬಯಲಾಟದಲ್ಲಿ ಇದು ಬೆರಗಿನ ವಿಷಯವಲ್ಲ, ಮೊದಲ ಪಾಠ. ಬಡಗಿನ ಹಿರಿಯ ಭಾಗವತರಿಗೆ ಪ್ರಸಂಗಕ್ಕೆ ಪ್ರಸಂಗವೇ ಬಾಯಿಗೆ ಬರುತ್ತಿತ್ತು. ಕಣ್ಣೇನಿದ್ದರೂ ಕುಣಿಯುವವನ ಹೆಜ್ಜೆಯ ಮೇಲೆ.

ನೆಬ್ಬೂರು ನಾರಾಯಣ ಭಾಗವತರು ಹಾಗೆ ಕಣ್ಣಿಟ್ಟವರು. ತರುಣನಾಗಿ ಘಟ್ಟವಿಳಿದು ಶಿವರಾಮ ಹೆಗಡೆಯವರ ಮೇಳವನ್ನು ಸೇರಿ, ಅದರ ನೆರಳಿನಲ್ಲೇ ಬೆಳೆದರು. ಸ್ವರ ಬಹಳ ಎತ್ತರಕ್ಕೆ ಹಾರುವುದಲ್ಲ. ಮಾತಿನ ಭಾವವನ್ನು ಬಿಟ್ಟು ರಾಗದ ಹಿಂದೆ ಓಡುವುದಲ್ಲ. ಕೇಳುವವರಿಗೆ ಮೊದಲು ಪದ್ಯ ಕೇಳಿಸಬೇಕು, ಆಮೇಲೆ ಭಾಗವತ ಕೇಳಿಸಬೇಕು ಎಂಬ ಬಗೆ. ಶಿವರಾಮ ಹೆಗಡೆಯವರನ್ನು ಕುಣಿಸಿದ ಕಂಠ, ಅವರ ಮಗ ಶಂಭು ಹೆಗಡೆಯವರನ್ನು ಕುಣಿಸಿತು. ಮೊಮ್ಮಗ ಶಿವಾನಂದ ಹೆಗಡೆಯವರನ್ನೂ ಕುಣಿಸಿತು. ಮೂರು ತಲೆಮಾರು! ಯಜಮಾನರು ಬದಲಾದರು, ವೇಷಧಾರಿಗಳು ಬದಲಾದರು; ಹಿಂದೆ ತಾಳ ಹಿಡಿದವರು ಬದಲಾಗಲಿಲ್ಲ. ಸುಕ್ ತನ್ನ ಎರಡನೆಯ ಪಿಟೀಲಿನ ಕುರ್ಚಿಯಲ್ಲಿ ಕುಳಿತಂತೆ ಇವರು ತಮ್ಮ ಜಾಗದಲ್ಲಿ ಕುಳಿತರು. ಮೇಳದ ಹೆಸರಿನಲ್ಲಿ ಕೆರೆಮನೆ ಉಂಟು, ನೆಬ್ಬೂರಿಲ್ಲ. ಆದರೆ ತಂದೆಯ ಹೆಜ್ಜೆಗೂ ಮಗನ ಹೆಜ್ಜೆಗೂ ನಡುವೆ ಸೇತುವೆಯಾದದ್ದು ಆ ತಾಳ. ಅವರು ತೀರಿಕೊಂಡದ್ದು 2019ರಲ್ಲಿ.

ಮೇಳದ ಕಥೆಗೆ ಹಿಂತಿರುಗೋಣ. ಶಿವರಾಮ ಹೆಗಡೆಯವರ ಕಾಲದ ವೈಭವವನ್ನು ಕಂಡವರು ಈಗ ವಿರಳ. ‘ಗದಾಯುದ್ಧ’ದ ಕೌರವನ ಪಾತ್ರದಲ್ಲಿ ಅವರನ್ನು ನೋಡಿದವರು, ಸೋತ ರಾಜನ ಛಲವನ್ನೂ ದುಃಖವನ್ನೂ ಒಂದೇ ಮುಖದಲ್ಲಿ ಕಂಡೆವೆಂದು ಹೇಳುತ್ತಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂತು. ಅದೇ ಮನೆತನದ ಮಹಾಬಲ ಹೆಗಡೆಯವರು ಶ್ರುತಿಶುದ್ಧವಾಗಿ ಹಾಡಬಲ್ಲ ವೇಷಧಾರಿ; ಮಾತು, ಗಾನ ಎರಡರಲ್ಲೂ ಸಮರ್ಥರು. ಗಜಾನನ ಹೆಗಡೆಯವರದು ಸ್ತ್ರೀವೇಷ. ಒಂದೇ ಮನೆಯಲ್ಲಿ ರಾಜ, ಖಳ, ರಾಣಿ ಎಲ್ಲರೂ ಸಿಕ್ಕುತ್ತಿದ್ದ ಕಾಲ ಅದು. ಶಿವರಾಮ ಹೆಗಡೆಯವರು ತೀರಿಕೊಂಡದ್ದು 1992ರಲ್ಲಿ, 84ರ ಹತ್ತಿರದ ವಯಸ್ಸಿನಲ್ಲಿ.

ಶಂಭು ಹೆಗಡೆಯವರು ಹುಟ್ಟಿದ್ದು 1938ರಲ್ಲಿ. ಮೇಳ ಅವರಿಗಿಂತ ನಾಲ್ಕು ವರ್ಷ ದೊಡ್ಡದು. ಮನೆಯಲ್ಲೇ ವಿದ್ಯೆ ಇದ್ದರೂ ಅವರು ದಿಲ್ಲಿಗೆ ಹೋಗಿ ಮಾಯಾರಾವ್ ಅವರ ಬಳಿ ನೃತ್ಯಸಂಯೋಜನೆಯನ್ನು ಕಲಿತು ಬಂದರು. ಹೀಗೆ ಹೊರಗೆ ಕಲಿತು ಬಂದವರು ಒಂದೋ ಮನೆಯದನ್ನೆಲ್ಲ ಹಳತೆಂದು ಬಿಸಾಡುತ್ತಾರೆ, ಇಲ್ಲವೇ ಕಲಿತದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ಅವರು ಎರಡನ್ನೂ ಮಾಡಲಿಲ್ಲ. ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಎಷ್ಟು ಕುಣಿದರೆ ಸಾಕು, ಯಾವ ಮಾತು ಆ ಪಾತ್ರಕ್ಕೆ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಔಚಿತ್ಯದ ಪ್ರಶ್ನೆಯನ್ನು ಎತ್ತಿದರು. ಇರುಳಿಡೀ ನಡೆಯುವ ಆಟವನ್ನು ಎರಡು ಮೂರು ತಾಸಿಗೆ ಇಳಿಸಿದರೂ ಅದರ ಪ್ರಾಣ ಹೋಗದಂತೆ ಹೇಗೆ ಉಳಿಸಬಹುದೆಂದು ಮಾಡಿ ತೋರಿಸಿದರು.

ಅವರ ದಾರಿ ಹೂವಿನದಾಗಿರಲಿಲ್ಲ. ಎಪ್ಪತ್ತರ ದಶಕವೆಂದರೆ ಡೇರೆ ಮೇಳಗಳ ಕಾಲ. ಟಿಕೆಟಿಟ್ಟು ಆಟವಾಡಿಸುವ ಮೇಳಗಳ ನಡುವೆ ಪೈಪೋಟಿ. ಹೊಸ ಹೊಸ ಪ್ರಸಂಗ, ಸಿನೇಮಾದ ಕಥೆಯಂಥ ಕಥೆ, ಚಪ್ಪಾಳೆಗಾಗಿ ಕುಣಿತ. ಕೆರೆಮನೆಯವರೂ ಡೇರೆ ಹಾಕಿದರು. ಆದರೆ ಪೌರಾಣಿಕ ಪ್ರಸಂಗವನ್ನೂ ಪಾತ್ರದ ಗೌರವವನ್ನೂ ಬಿಡದೆ ಆ ಸಂತೆಯಲ್ಲಿ ನಿಲ್ಲುವುದು ಸುಲಭವಲ್ಲ. ಡೇರೆಯ ಮೇಳ ನಿಂತಿತು. ಎಷ್ಟೋ ಮೇಳಗಳ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವೆಂಬ ಶಾಲೆಯನ್ನು ತೆರೆದರು. ದೂರದ ಹುಡುಗರೂ ಬಂದು, ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಹೆಜ್ಜೆ, ತಾಳ, ಬಣ್ಣ, ಮಾತು ಎಲ್ಲವನ್ನೂ ಕಲಿಯುವ ಏರ್ಪಾಡು. ಮರ ಇನ್ನೂ ನಿಂತಿರುವಾಗಲೇ ಸಸಿ ನೆಟ್ಟಂತೆ ಎನ್ನಬೇಕು. ಮೇಳದ ಚರಿತ್ರೆಯಲ್ಲಿ ಸ್ಥಾಪನೆಯ 1934ಕ್ಕೆ ಎಷ್ಟು ಬೆಲೆಯೋ ಈ 1986ಕ್ಕೂ ಅಷ್ಟೇ ಬೆಲೆ ಎಂದು ನನ್ನ ಎಣಿಕೆ.

ಏಕೆಂದರೆ ಅದರ ಪರೀಕ್ಷೆ ಮುಂದೆ ಬಂತು. 2004ನೆಯ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಶಂಭು ಹೆಗಡೆಯವರಿಗೆ ಸಂದಿತ್ತು. 2009ರ ಫೆಬ್ರುವರಿ ತಿಂಗಳ ಮೊದಲಲ್ಲಿ ಇಡಗುಂಜಿಯ ರಥೋತ್ಸವ. ದೇವರ ಸನ್ನಿಧಿಯಲ್ಲೇ ಆಟ, ಪ್ರಸಂಗ ‘ಲವಕುಶ’. ಶಂಭು ಹೆಗಡೆಯವರದು ರಾಮನ ವೇಷ. ತನ್ನ ಮಕ್ಕಳನ್ನೇ ತನ್ನ ಮಕ್ಕಳೆಂದು ಅರಿಯದೆ ಎದುರಿಸಬೇಕಾದ ತಂದೆಯ ಪಾತ್ರ ಅದು. ವೇಷ ಕಟ್ಟಿ ರಂಗದಲ್ಲಿದ್ದಾಗಲೇ ಅವರಿಗೆ ಅಸ್ವಸ್ಥತೆಯಾಯಿತು. ಮತ್ತೆ ಚೇತರಿಸಿಕೊಳ್ಳಲಿಲ್ಲ. ಕಲಾವಿದನಿಗೆ ಇಂಥ ಸಾವು ಭಾಗ್ಯವೆಂದು ಅನೇಕರು ಅಂದರು. ಹಾಗೆನ್ನುವುದು ನಮಗೆ ಸಮಾಧಾನ ತರಬಹುದು. ಮನೆಯವರಿಗೂ ಮೇಳಕ್ಕೂ ಅದು ಬರಸಿಡಿಲು. ಅದೇ ವರ್ಷ ಮಹಾಬಲ ಹೆಗಡೆಯವರೂ ಹೋದರು. ಒಂದೇ ವರ್ಷದಲ್ಲಿ ತೋಟದ ಎರಡು ಹೆಮ್ಮರಗಳು ಉರುಳಿದವು.

ಆದರೆ ಮೇಳ ನಿಲ್ಲಲಿಲ್ಲ. ಶಿವಾನಂದ ಹೆಗಡೆಯವರು ತಂದೆಯ ಜೊತೆಗೇ ವರ್ಷಗಟ್ಟಲೆ ರಂಗದಲ್ಲಿ ನಿಂತವರು. ತಂದೆ ಕಲಿತ ಮಾಯಾರಾವ್ ಅವರ ಬಳಿಯೇ ತಾವೂ ಕಲಿತವರು. ಶಾಲೆಯಲ್ಲಿ ತಯಾರಾದ ಹುಡುಗರು ಇದ್ದರು. ನೆಬ್ಬೂರು ಭಾಗವತರ ತಾಳ ಇನ್ನೂ ಇತ್ತು. ಇಂದು ನಾಲ್ಕನೆಯ ತಲೆಮಾರಿನ ಶ್ರೀಧರ ಹೆಗಡೆಯವರೂ ಗೆಜ್ಜೆ ಕಟ್ಟಿದ್ದಾರೆ. ಗುಣವಂತೆಯಲ್ಲಿ ಶಂಭು ಹೆಗಡೆಯವರ ಹೆಸರಿನ ನಾಟ್ಯೋತ್ಸವಕ್ಕೆ ಬೇರೆ ಬೇರೆ ಪ್ರಾಂತಗಳ ಕಲಾವಿದರು ಬಂದು ಹೋಗುತ್ತಾರೆ. 2024ರಲ್ಲಿ, ಸ್ಥಾಪನೆಯ ತೊಂಬತ್ತನೆಯ ವರ್ಷ, ಯುನೆಸ್ಕೊ ಸಂಸ್ಥೆ ಈ ಮಂಡಳಿಗೆ ಮನ್ನಣೆ ಕೊಟ್ಟಿತು. ಮೌಖಿಕ, ರಂಗ ಮೊದಲಾದ ಪರಂಪರೆಗಳನ್ನು ಕಾಪಾಡುವ ಬಗ್ಗೆ 2003ರಲ್ಲಿ ಆದ ಜಾಗತಿಕ ಒಡಂಬಡಿಕೆಯೊಂದಿದೆ. ಅದರ ಕೆಲಸದಲ್ಲಿ ಸಲಹೆ ಕೊಡಬಲ್ಲ ಸಂಸ್ಥೆಗಳ ಸಾಲಿನಲ್ಲಿ ಕೆರೆಮನೆಯ ಹೆಸರು ಸೇರಿತು. ಇದರಿಂದ ಯಕ್ಷಗಾನವೇ ಯುನೆಸ್ಕೊ ಪಟ್ಟಿಗೆ ಸೇರಿತೆಂದು ಕೆಲವರು ತಿಳಿದದ್ದು ಸರಿಯಲ್ಲ. ಆದರೂ ಹಳ್ಳಿಯ ಮೇಳವೊಂದಕ್ಕೆ ಇದು ಚಿಕ್ಕ ಮಾತೂ ಅಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜನರೆಲ್ಲ ಬದಲಾದ ಮೇಲೂ ಮೇಳ ಅದೇ ಎಂದು ಹೇಳುವುದು ಯಾವುದರಿಂದ? ರಕ್ತಸಂಬಂಧದಿಂದ ಎಂದು ಕೆಲವರು ಹೇಳಿಯಾರು. ಕೆರೆಮನೆಯ ಮಟ್ಟಿಗೆ ಅದೂ ಅರ್ಧ ಸತ್ಯವೇ. ಆದರೆ ನೆಬ್ಬೂರಿನವರು ಆ ಮನೆಯವರಲ್ಲ. ಶಾಲೆಯ ಹುಡುಗರು ಆ ಮನೆಯವರಲ್ಲ. ಮದ್ದಳೆ, ಚಂಡೆಗಳಿಗೆ ಕೈ ಕೊಟ್ಟವರಲ್ಲಿ ನಾನಾ ಜಾತಿ, ನಾನಾ ಊರಿನವರು. ಪ್ರಾಗಿನ ನಾಲ್ವರಲ್ಲಿಯೂ ಒಬ್ಬರಿಗೊಬ್ಬರು ದಾಯಾದಿಗಳಲ್ಲ. ಹೆಸರಿನಿಂದ ಎಂದರೆ, ಹೆಸರನ್ನು ಹೊತ್ತು ಪ್ರಾಣ ಕಳೆದುಕೊಂಡ ಮೇಳಗಳನ್ನೂ ನಾವು ಕಂಡಿದ್ದೇವೆ. ನನಗೆ ತೋರುವ ಉತ್ತರ ಜಗಲಿಯ ಮೇಲಿನ ಆ ಹಿರಿಯರದೇ. ಹಳಬ ಇರುವಾಗಲೇ ಹೊಸಬ ಅವನ ಮಗ್ಗುಲಲ್ಲಿ ಸಾಕಷ್ಟು ಕಾಲ ನಿಂತಿರಬೇಕು. ವಿಹಾನ್ ಶಿಷ್ಯರ ನಡುವೆ ಹೋಗಿ ಕುಳಿತದ್ದು ಅದಕ್ಕೇ. ನೆಬ್ಬೂರಿನವರು ಮೂರು ತಲೆಮಾರಿಗೆ ತಾಳ ಹಿಡಿದದ್ದು ಅದಕ್ಕೇ. ಪುಸ್ತಕದಲ್ಲಿ ಬರೆದಿಡಲಾಗದ ವಿದ್ಯೆ ಹೀಗೆ ಮೈಯಿಂದ ಮೈಗೆ, ಕಿವಿಯಿಂದ ಕಿವಿಗೆ ದಾಟುತ್ತದೆ.

ಕುತೂಹಲಕ್ಕಾಗಿ ಒಂದು ಮಾತು. ಪಿಟೀಲು ನಮ್ಮ ಹಿಮ್ಮೇಳಕ್ಕೆ ಬಂದದ್ದೂ ಉಂಟು. ಕೋಟ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದು ಕೂರಿಸಿದರು. ಅದನ್ನು ಮೆಚ್ಚಿದವರಿದ್ದಾರೆ, ಬಯ್ದವರಿದ್ದಾರೆ. ವಾದ್ಯ ಬರಬಹುದು, ಹೋಗಬಹುದು. ಪುಂಗಿ ಹೋಗಿ ಪೆಟ್ಟಿಗೆ ಬಂದಾಗಲೂ ಆಟ ಉಳಿಯಿತು. ಆದರೆ ಒಬ್ಬರನ್ನೊಬ್ಬರು ಕೇಳುವ ಅಭ್ಯಾಸ ಹೋದರೆ ಉಳಿಯುವುದು ಸದ್ದು ಮಾತ್ರ.

ಅದು ಹೋಗುತ್ತಿದೆಯೆಂಬ ಅಂಜಿಕೆಯಿಂದಲೇ ಇಷ್ಟು ಬರೆದದ್ದು. ಈಗ ಅತಿಥಿ ಕಲಾವಿದರ ಕಾಲ. ಹೆಸರಾದ ಭಾಗವತ ಒಂದು ಕಡೆಯಿಂದ, ಹೆಸರಾದ ವೇಷಧಾರಿ ಇನ್ನೊಂದು ಕಡೆಯಿಂದ, ಚಂಡೆಯವರು ಮತ್ತೊಂದು ಕಡೆಯಿಂದ ಕಾರಿನಲ್ಲಿ ಬಂದಿಳಿಯುತ್ತಾರೆ. ಚೌಕಿಯಲ್ಲಿ ಗಣಪತಿ ಪೂಜೆಯ ಹೊತ್ತಿಗೂ ಎಲ್ಲರ ಮುಖ ಒಟ್ಟಿಗೆ ಕಾಣುವುದು ಅಪರೂಪ. ಒಬ್ಬೊಬ್ಬರೂ ಸಮರ್ಥರೇ, ಚಪ್ಪಾಳೆಗೆ ಬರವಿಲ್ಲ. ಆದರೆ ಎರಡು ತಾಸು ಕಳೆದ ಮೇಲೆ ಅವರು ಒಂದು ಮೇಳವಾಗಿದ್ದರೇ ಎಂದು ಕೇಳಿಕೊಂಡರೆ ಉತ್ತರ ಹೊರಡುವುದಿಲ್ಲ. ದೊಡ್ಡ ಮರಗಳನ್ನು ಬೇರೆ ಬೇರೆ ಕಡೆಯಿಂದ ತಂದು ಒಂದು ರಾತ್ರಿಗೆ ಊರಿ ನಿಲ್ಲಿಸಿದರೆ ತೋಟವಾಗುವುದೇ?

ಹಾಗೆಂದು ಕೈಚೆಲ್ಲಿ ಕೂರಬೇಕಾಗಿಲ್ಲ. ಕಲಿಸುವ ಮನಸ್ಸಿರುವವರಿಗೆ ಶಿಷ್ಯರು ಎಲ್ಲಿಯಾದರೂ ಸಿಗುತ್ತಾರೆಂಬುದಕ್ಕೆ ನಮ್ಮ ಶಿರಸಿ ಸೀಮೆಯಲ್ಲೇ ಸಾಕ್ಷಿ ಉಂಟು. 2020ರಲ್ಲಿ ತೀರಿಕೊಂಡ ಹೊಸ್ತೋಟ ಮಂಜುನಾಥ ಭಾಗವತರು ಊರೂರು ತಿರುಗಿ, ಹೋದಲ್ಲೆಲ್ಲ ಹೆಜ್ಜೆ ಕಲಿಸಿದವರು. ಕಣ್ಣಿಲ್ಲದ ಮಕ್ಕಳಿಗೂ ಅವರು ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ನೋಡಿ ಕಲಿಯುವ ವಿದ್ಯೆಯೆಂದು ನಾವು ತಿಳಿದದ್ದನ್ನು ಅವರು ಮುಟ್ಟಿ, ಕೇಳಿ ಕಲಿಯುವ ವಿದ್ಯೆಯನ್ನಾಗಿ ಮಾಡಿದರು.

ಹುಲೇಕಲ್ಲಿನ ಕಡೆಯ ಮನೆಗಳಲ್ಲಿ ಈಗ ಜಗಲಿಯ ಮೇಲೆ ಹೆಚ್ಚಾಗಿ ಕಾಣುವವರು ವಯಸ್ಸಾದ ತಂದೆತಾಯಿಗಳು. ಮಕ್ಕಳು ಬೆಂಗಳೂರಿನಲ್ಲಿಯೋ ಅದಕ್ಕೂ ಆಚೆಯೋ ಇದ್ದಾರೆ. ಕೊನೆಗೌಡ ಸಿಗುವುದು ಕಷ್ಟ. ಮಳೆಗಾಲದಲ್ಲಿ ಕೊನೆಗೆ ಕೊಟ್ಟೆ ಕಟ್ಟುವವರಿಲ್ಲ. ತೋಟ ಇನ್ನೂ ಹಸಿರಾಗಿದೆ, ಅಜ್ಜನ ಹೆಸರು ಇನ್ನೂ ಇದೆ. ಪಟ್ಟಣದಲ್ಲಿ ನೆಲೆಸಿದ ನಾವು ಸಭಾಭವನದ ಮೆತ್ತನೆಯ ಕುರ್ಚಿಯಲ್ಲಿ ಕುಳಿತು ಎರಡು ತಾಸಿನ ಆಟ ನೋಡಿ, ಹಳೆಯ ಕಾಲ ಬಾರದು ಎಂದು ನಿಟ್ಟುಸಿರುಬಿಟ್ಟು ಮನೆಗೆ ಬರುತ್ತೇವೆ. ಮುಂದಿನ ಸಲ ಹೋಗುವಾಗ ವೇಷದ ಮೇಲಿನ ಕಣ್ಣನ್ನು ಸ್ವಲ್ಪ ಹೊತ್ತು ತೆಗೆದು ಹಿಮ್ಮೇಳದ ಕಡೆ ಹಾಯಿಸಿ. ಹಿರಿಯ ಭಾಗವತರ ಮಗ್ಗುಲಲ್ಲಿ ತಾಳ ನೋಡುತ್ತ ಕುಳಿತ ಹುಡುಗನೊಬ್ಬ ಇದ್ದಾನೆಯೆ ಎಂದು ನೋಡಿ. ಇದ್ದರೆ, ಆಟ ಮುಗಿದ ಮೇಲೆ ಅವನನ್ನೂ ಎರಡು ಮಾತು ಆಡಿಸಿ ಬನ್ನಿ.